ಟರ್ಕಿ ಮರಿಗಳಿಗೆ ಎರಡನೇ ಉಮ್ಮ

ಬೆಳ್ಳುಳ್ಳಿ, ಅರಿಶಿನ ಜಜ್ಜುವ ವಾಸನೆ ಬಂದರೆ ಈಗಲೂ ನನ್ನ ಗಂಟಲಲ್ಲಿ ಹೆತ್ತ ಉಮ್ಮನ ಸ್ವರ ಏಳುತ್ತದೆ.

ಕೋಡಿಂಬಾಳದ ಮನೆಯಲ್ಲಿ ಉಮ್ಮ ಹನ್ನೆರಡು ಟರ್ಕಿ ಕೋಳಿ ಮರಿಗಳನ್ನು ಸಾಕಿದ್ದರು. ಒಂದು ಮಧ್ಯಾಹ್ನ ಎಲ್ಲವೂ ಮೇವು ಬಿಟ್ಟು ಮೂಲೆ ಸೇರಿದವು. ಉಮ್ಮ ಮದ್ದಿಗೆಂದು ಬೆಳ್ಳುಳ್ಳಿ, ಅರಿಶಿನ ಜಜ್ಜಿ ಅನ್ನಕ್ಕೆ ಕಲಸಿದರು. ಆದರೆ ಮರಿಗಳು ಅವರ ಕರೆಗೆ ಮಾತ್ರ ಬರುವಂಥವು. ಅವರಿಗೋ ಶೀತವಾಗಿ ಸ್ವರವೇ ಬಿದ್ದುಹೋಗಿತ್ತು.

"ನೀನು ಕರಿ," ಎಂದು ಪಿಸುಗುಟ್ಟಿದರು.

"ಯಾರ ಹಾಗೆ?"

"ನನ್ನ ಹಾಗೆ ಮಾರಾಯ! ಅಣಕಿಸಿ ದಿನಾ ಪೆಟ್ಟು ತಿನ್ನುದಿಲ್ವಾ?"

ನಾನು ಸೊಂಟಕ್ಕೆ ಕೈಯಿಟ್ಟು ಮೂಗಿನಲ್ಲಿ ಎಳೆದೆ: "ಬಾ ಬಾ ಬಾಽಽ... ಇದನ್ನು ಯಾರು ತಿನ್ನುದು, ನಿಮ್ಮ ಮಾವನಾ?"

ಹತ್ತು ಮರಿಗಳು ಓಡಿ ಬಂದವು. ರೆಕ್ಕೆ ಜೋತುಬಿದ್ದ ಎರಡು ಮಾತ್ರ ಕದಲಲಿಲ್ಲ. ಉಮ್ಮ ಅವನ್ನು ಬೇರೆ ಬುಟ್ಟಿಗೆ ಹಾಕಿ, ಕೊಕ್ಕು ಬಿಡಿಸಿ ಬೆರಳಲ್ಲಿ ತಿನಿಸಿದರು.

"ನನ್ನ ಸ್ವರ ಅಷ್ಟು ಕರ್ಕಶ ಉಂಟಾ?"

"ಇಲ್ಲ ಉಮ್ಮ, ನಾನು ಸ್ವಲ್ಪ ಚಂದ ಮಾಡಿದ್ದು."

ಮೂರು ದಿನ ನಾನೇ ಬುಟ್ಟಿಯ ಮುಂದೆ ಕೂತು ಕರೆದೆ. ನಾಲ್ಕನೆಯ ದಿನ ಉಮ್ಮನ ಸ್ವರ ಮರಳಿತು. ಬುಟ್ಟಿ ತೆರೆದು ಕರೆದರು. ಎರಡೂ ಮರಿಗಳು ಎದ್ದು, ಅವರನ್ನು ದಾಟಿ ನನ್ನ ಕಾಲಬುಡಕ್ಕೆ ಓಡಿ ಬಂದವು.

ಉಮ್ಮ ಕಣ್ಣೊರೆಸಿಕೊಂಡು ನಕ್ಕರು. "ಇನ್ನು ಇವಕ್ಕೆ ನೀನೇ ಉಮ್ಮ. ಗೂಡು ಗುಡಿಸುದು ಕೂಡ ನೀನೇ."