ಕೆಂಚನಬ್ಬಿಗೆ ಬೆನ್ನು ಹಾಕಿದವನು

ಕೆಂಚನಬ್ಬಿ ಜಲಪಾತವನ್ನು ಯಾರೇ ಆಗಲಿ ಜೀವಮಾನದಲ್ಲಿ ಒಮ್ಮೆ, ಹತ್ತೇ ನಿಮಿಷ ನೋಡಬಹುದು. ನೋಡಿದವರು ಮತ್ತೆ ಮೆಟ್ಟಿಲಿಳಿಯುವಂತಿಲ್ಲ. ಹಾಗಾಗಿ ಗೈಡ್ ಜುಜೆ ಸಿದ್ದಿ ಇಪ್ಪತ್ತೆರಡು ವರ್ಷದಿಂದ ಅದಕ್ಕೆ ಬೆನ್ನು ಹಾಕಿಯೇ ಹೊಟ್ಟೆ ಹೊರೆಯುತ್ತಿದ್ದಾನೆ.

ಅಂದು ಹಾವೇರಿಯ ವಿರೂಪಾಕ್ಷ ಹೆಂಡತಿ ಮತ್ತು ತಾಯಿಯೊಡನೆ ಬಂದಿದ್ದ. ಮಂಡಿನೋವಿನ ತಾಯಿ ಮೇಲೆ ಗೇಟಿನ ಬಳಿಯ ಬೆಂಚಿನಲ್ಲೇ ಉಳಿದಳು.

"ನೀ ಚಂದಾಗಿ ನೋಡ್ಕೊಂಡು ಬಂದು ನನಗ ಹೇಳಪಾ. ನನಗಂತೂ ಇಳಿಯಾಕ ಆಗಂಗಿಲ್ಲ," ಎಂದಳು.

ಕೆಳಗೆ ಗಂಡ ಹೆಂಡತಿ ನೀರಿಗೆ ಬೆನ್ನು ಕೊಟ್ಟು ಸೆಲ್ಫಿಗೆ ನಿಂತರು. ಒಂದರಲ್ಲಿ ಅವಳ ಕೂದಲು ಹಾರಿತು, ಇನ್ನೊಂದರಲ್ಲಿ ಅವನ ಕಣ್ಣು ಮುಚ್ಚಿತು.

"ಸಾಹೇಬ್ರೇ, ಒಮ್ಮೆ ತಿರುಗಿ ನೋಡಿ," ಎಂದ ಜುಜೆ.

"ತಡೀರಿ ಮಾರಾಯ್ರ, ಇನ್ನೊಂದು ಫೋಟೊ."

ಅಷ್ಟರಲ್ಲಿ ಹತ್ತು ನಿಮಿಷ ಮುಗಿಯಿತೆಂದು ಕಾವಲುಗಾರ ಸೀಟಿ ಊದಿ ಅವರನ್ನು ಮೇಲೆ ಕಳಿಸಿದ.

"ಹೆಂಗಿತ್ತೋ?" ಎಂದಳು ತಾಯಿ. ವಿರೂಪಾಕ್ಷ ಫೋನು ತಡಕಿದ. ಎಲ್ಲದರಲ್ಲೂ ಬರೀ ಇಬ್ಬರ ಮುಖ. ಅವನು ಜುಜೆಯತ್ತ ದೀನವಾಗಿ ನೋಡಿದ.

ಜುಜೆ ಮುದುಕಿಯ ಪಕ್ಕ ಕುಳಿತು, ಇಷ್ಟು ವರ್ಷ ನೋಡಿಬಂದವರ ಬಾಯಲ್ಲಿ ಕೇಳಿದ್ದನ್ನೆಲ್ಲ ಹೇಳಿದ: ಬಂಡೆಗೆ ಬಡಿದ ನೀರು ಹಿಟ್ಟಿನಂತೆ ಏಳುವುದು, ಅದರೊಳಗೆ ಹಕ್ಕಿಗಳು ನುಗ್ಗಿ ಒದ್ದೆಯಾಗಿ ಹೊರಬರುವುದು.

ಮುದುಕಿ ಕಣ್ಣೊರೆಸಿಕೊಂಡು ಮಗನತ್ತ ತಿರುಗಿದಳು.

"ನೋಡಿದ್ರ ಇವರಂಗ ಕಣ್ತುಂಬ ನೋಡಬೇಕಪಾ."