ಐದು ತೂತಿನ ಗುಟ್ಟು

"ಕೈ ತೆಗೀರಿ! ಅದು ಸಾಕ್ಷ್ಯ!"

ನರಸಿಂಹಯ್ಯನ ಕೂಗಿಗೆ ವರಲಕ್ಷ್ಮಮ್ಮ ಬೆಚ್ಚಿ, ಕೈಯಲ್ಲಿದ್ದ ಕಾಗದದ ಪಟ್ಟಿಯನ್ನು ಮೇಜಿನ ಮೇಲಿಟ್ಟಳು. ಬೆರಳಗಲದ ಪಟ್ಟಿ, ಉದ್ದಕ್ಕೂ ತೂತು. ಗಿರಣಿಯ ಬೆಂಗಳೂರಿನ ಕೇಂದ್ರ ಕಚೇರಿಯ ಮೊಹರಿದ್ದ ಲಕೋಟೆಯಲ್ಲಿ ಬಂದಿತ್ತು. ಜೊತೆಗೆ ಒಂದು ಸಾಲಿನ ಪತ್ರವೂ ಇರಲಿಲ್ಲ.

1971ರ ಡಿಸೆಂಬರ್. ಗಡಿಯಲ್ಲಿ ಯುದ್ಧ. ಅಂಥ ಹೊತ್ತಿನಲ್ಲಿ ದೊಡ್ಡಬಳ್ಳಾಪುರದ ಈ ರೇಷ್ಮೆ ಗಿರಣಿಯ ಟೆಲಿಪ್ರಿಂಟರ್ ಕೋಣೆಯನ್ನು ಶತ್ರು ಸುಮ್ಮನೆ ಬಿಟ್ಟಾನೆಯೇ? ಕೋಣೆಯ ಮುಖ್ಯಸ್ಥ ನರಸಿಂಹಯ್ಯ. ತೂತಿನ ಪಟ್ಟಿ ಓದಿ ಸುದ್ದಿ ಅಚ್ಚು ಹಾಕುವ, ತಂತಿಯಲ್ಲಿ ಕಳಿಸುವ ಯಂತ್ರ ಅಲ್ಲಿದ್ದದ್ದು ಒಂದು, ಅದನ್ನು ನಡೆಸುವವಳು ಒಬ್ಬಳು, ವರಲಕ್ಷ್ಮಮ್ಮ. ಗೂಢಚಾರಿಣಿ ಯಾರೆಂದು ಹುಡುಕಲು ಹೆಚ್ಚು ತಲೆ ಬೇಕಿರಲಿಲ್ಲ, ಇದ್ದಷ್ಟೇ ಸಾಕಾಯಿತು.

"ಇದನ್ನ ನೋಡಿ ನಗ್ತಾ ಇದ್ರಿ."

"ಹೌದು ಸಾರ್. ಯಂತ್ರಕ್ಕೆ ಹಾಕಿದ್ರೆ ನಿಮಗೂ ಗೊತ್ತಾಗುತ್ತೆ."

ಯಂತ್ರಕ್ಕೆ! ಹಾಕಿದೊಡನೆ ಸುದ್ದಿ ನೇರ ಶತ್ರುವಿಗೇ ಮುಟ್ಟಿದರೆ? ನರಸಿಂಹಯ್ಯ ನಿಯಮಪುಸ್ತಕ ತೆರೆದ. ತೂತಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಅಡ್ಡಸಾಲಿನ ಐದು ಸ್ಥಾನ ಸೇರಿದರೆ ಒಂದು ಇಂಗ್ಲಿಷ್ ಅಕ್ಷರ. ಪಟ್ಟಿಯ ಯಾವ ಅಂಚು ಮೇಲಿರಬೇಕೆಂದು ಮೊದಲ ಪುಟದಲ್ಲಿ ಚಿತ್ರವಿತ್ತು. ಚಿತ್ರ ನೋಡುವುದು ಮಕ್ಕಳ ಕೆಲಸವೆಂದು ಆತ ನೇರ ಕೋಷ್ಟಕಕ್ಕೆ ಹೋದ.

ಸಂಜೆಗೆ ಸಿಕ್ಕಿದ್ದು ತಲೆಬುಡವಿಲ್ಲದ ಅಕ್ಷರಗಳ ರಾಶಿ. ಅರ್ಥವಾಗಲಿಲ್ಲವೆಂದರೆ ಗುಪ್ತಭಾಷೆಯೇ ಸರಿ. ನಡುವೆ ಒಂದು 'ಡಿ', ಒಂದು 'ಬಿ' ಕಂಡವು. ದೊಡ್ಡಬಳ್ಳಾಪುರ. ಬಾಂಬು. ಎದ್ದು ಹೋಗಿ ಕಿಟಕಿ ಮುಚ್ಚಿದ.

ಶುಕ್ರವಾರ ಬೆಳಿಗ್ಗೆ ವರಲಕ್ಷ್ಮಮ್ಮ ಎದುರಿಗೆ ಬಂದು ನಿಂತಳು.

"ನಾಳೆ ರಜ ಬೇಕು ಸಾರ್. ಬೆಂಗಳೂರಿಗೆ ಹೋಗ್ಬೇಕು."

"ಯಾರನ್ನ ನೋಡೋಕೆ?"

"ಪಟ್ಟಿ ಕಳಿಸಿದವರನ್ನ."

ಲಕೋಟೆಯ ಮೊಹರು ನಕಲಿಯೆಂದು ಆತ ಆಗಲೇ ತೀರ್ಮಾನಿಸಿದ್ದ. ಈಗ ತಪ್ಪೊಪ್ಪಿಗೆಯೂ ಸಿಕ್ಕಿತು!

"ಪಟ್ಟಿ ತಲೆಕೆಳಗಾಗಿದೆ ಸಾರ್. ನೀವೂ ಸರಿಯಾಗಿ ಓದಿದ್ರೆ..."

"ಬಾಯಿ ಮುಚ್ಚಿ! ನಾಳೆ ಒಂದಿನ ಯಾಕಮ್ಮ? ಇವತ್ತಿಂದ್ಲೇ ಮನೇಲಿರಿ. ನಿಮ್ಮನ್ನ ಅಮಾನತು ಮಾಡಿದೀನಿ."

ಆರು ವರ್ಷದ ಕೆಲಸ. ಆಕೆ ಊಟದ ಡಬ್ಬಿ ತೆಗೆದುಕೊಂಡು ಹೊರಟಳು. ಅಳಲಿಲ್ಲ. ಒಳ್ಳೆಯ ತರಬೇತಿ ಕೊಟ್ಟಿದ್ದಾರೆ ಎಂದುಕೊಂಡ ನರಸಿಂಹಯ್ಯ.

ಹನ್ನೊಂದು ಪುಟದ ವರದಿ ಅಂದೇ ಆಳಿನ ಕೈಯಲ್ಲಿ ಕೇಂದ್ರ ಕಚೇರಿಗೆ ಹೋಯಿತು. ಸೋಮವಾರ ಜೀಪು ಬಂತು. ಪದಕ ಚುಚ್ಚಲು ಅನುಕೂಲವಾಗಲೆಂದು ಮದುವೆಯ ಕೋಟು ತೊಟ್ಟು ನರಸಿಂಹಯ್ಯ ಬಾಗಿಲಲ್ಲೇ ಕಾದಿದ್ದ.

ಮುಂದಿನ ಸೀಟಿನಿಂದಿಳಿದ ಹಿರಿಯ ಅಧಿಕಾರಿ ಸಂಜೀವಪ್ಪನವರು ಪಟ್ಟಿ ಇಸಿದುಕೊಂಡು, ತಿರುಗಿಸಿ ಹಿಡಿದು, ತೂತುಗಳ ಮೇಲೆ ಬೆರಳಾಡಿಸುತ್ತ ಓದಿ ಕನ್ನಡದಲ್ಲಿ ಹೇಳಿದರು.

"'ಯಂತ್ರವಿಲ್ಲದೆ ಇದನ್ನು ಓದಬಲ್ಲವರು ಶನಿವಾರ ಹತ್ತು ಗಂಟೆಗೆ ಕೇಂದ್ರ ಕಚೇರಿಗೆ ಬರುವುದು. ಟೆಲಿಪ್ರಿಂಟರ್ ಮೇಲ್ವಿಚಾರಕರ ಹುದ್ದೆ ಖಾಲಿ ಇದೆ.' ನಮ್ಮ ಒಂಬತ್ತು ಗಿರಣಿಗೂ ಕಳಿಸಿದ್ವಿ, ನರಸಿಂಹಯ್ಯನವರೇ."

ನರಸಿಂಹಯ್ಯ ಕೋಟಿನ ಗುಂಡಿ ಬಿಚ್ಚಿದ. "ಯಾರಾದ್ರೂ... ಬಂದಿದ್ರಾ ಸಾರ್?"

"ಒಬ್ರೇ ಬಂದ್ರು. ನಿಮ್ಮ ವರದಿಯ ವಿಚಾರಣೇನೂ ಈಗ ಅವರದೇ," ಎಂದ ಸಂಜೀವಪ್ಪನವರು, ಜೀಪಿನ ಹಿಂದಿನಿಂದ ಇಳಿಯುತ್ತಿದ್ದ ವರಲಕ್ಷ್ಮಮ್ಮನಿಗೆ ದಾರಿ ಬಿಟ್ಟರು.