ಒಗ್ಗರಣೆಯಿಲ್ಲದ ಸಾರು

ಗೋಪಾಲಪ್ಪನಿಗೆ ಹೊಟ್ಟೆನೋವು ಇರಲಿಲ್ಲ. ಆದರೂ ದೊಡ್ಡಬಳ್ಳಾಪುರದ ಆಸ್ಪತ್ರೆಯಲ್ಲಿ ಹೊಟ್ಟೆ ಹಿಡಿದುಕೊಂಡು ಕುಳಿತಿದ್ದ.

ಮಗಳಿಗೆ ಗೊತ್ತು ಮಾಡಿದ್ದ ಗಂಡು ರಾಮಾಂಜಿನಪ್ಪ ಪ್ರತಿ ಮಂಗಳವಾರ ಇದೇ ಆಸ್ಪತ್ರೆಗೆ ಬರುವುದನ್ನು ಭಾವಮೈದುನ ಮೂರು ಸಲ ಕಂಡಿದ್ದ. ಹುಡುಗನಿಗೆ ಸರ್ಕಾರದಲ್ಲಿ ಅಲೆದಾಟದ ಕೆಲಸ ಎಂದಷ್ಟೇ ಹೇಳಿದ್ದರು. ಕಾಯಿಲೆಯ ಮಾತೇ ಎತ್ತಿರಲಿಲ್ಲ. ಮುಂದಿನ ವಾರ ವೀಳ್ಯಶಾಸ್ತ್ರ. ಅಷ್ಟರೊಳಗೆ ನಿಜ ತಿಳಿಯಬೇಕಿತ್ತು.

ಡಾಕ್ಟರು ಸಂಜೀವಪ್ಪ ಹೊಟ್ಟೆ ಒತ್ತಿ ನೋಡಿದರು. "ಏನು ಊಟ ಮಾಡಿದ್ರಿ?"

"ಏನಿರುತ್ತೆ ಸ್ವಾಮಿ, ಐದು ದಿನದಿಂದ ಮುದ್ದೆ, ಒಗ್ಗರಣೆಯಿಲ್ಲದ ಸಪ್ಪೆ ಸಾರು."

"ಯುದ್ಧ ಅಂತ ಎಣ್ಣೆ ಸಿಗ್ತಿಲ್ವಾ?"

"ಗಾಣದ ಎಣ್ಣೆ ಬೇಕಾದಷ್ಟಿದೆ. ಅದಿರ್ಲಿ, ಆ ರಾಮಾಂಜಿನಪ್ಪನಿಗೆ ಏನಾಗಿದೆ?"

"ಇಲ್ಲಿಗೆ ಬಂದೋರ ವಿಷ್ಯ ನಾನು ಹೊರಗೆ ಹೇಳಲ್ಲ."

"ಹೆಣ್ಣು ಕೊಡೋನು ನಾನು!"

"ಹೆತ್ತ ತಾಯಿ ಕೇಳಿದ್ರೂ ಹೇಳಲ್ಲ. ಊರಿಗೆಲ್ಲಾ ಹರಡೋ ರೋಗ ಆದ್ರೆ ಮಾತ್ರ ಸರ್ಕಾರಕ್ಕೆ ಬರೀಬೇಕು. ಅದಕ್ಕೆ ಯಾರ ಒಪ್ಪಿಗೇನೂ ಬೇಡ."

"ಹಂಗೆ ಬರೆದಿದ್ದೀರಾ?"

"ಈ ವರ್ಷ ಇನ್ನೂ ಯಾರ್ದೂ ಇಲ್ಲ."

ಗಂಡಿಗೆ ದೊಡ್ಡ ರೋಗವೇನಿಲ್ಲ! ಗೋಪಾಲಪ್ಪ ಗೆದ್ದವನಂತೆ ಹೆಗಲ ಟವೆಲ್ಲು ಕೊಡವಿದ. ಬೇವಿನೆಲೆಯೊಂದು ಮೇಜಿನ ಮೇಲೆ ಬಿತ್ತು. ಡಾಕ್ಟರು ಅದನ್ನೆತ್ತಿ ಮಸಿಕುಡಿಕೆಯ ಪಕ್ಕ ಇಟ್ಟು, ಬರೆಯತೊಡಗಿದರು.

"ಮನೇಲಿ ಎಷ್ಟು ಜನ?"

"ಏಳು."

"ಚಿಕ್ಕೋರು?"

"ಮಗ ಒಬ್ಬ, ಒಂಬತ್ತು ವರ್ಷ."

"ಇಸ್ಕೂಲಿಗೆ ಹೋಗ್ತಾನಾ?"

"ಈ ವಾರ ಹೋಗಿಲ್ಲ."

ಬರವಣಿಗೆ ಮುಂದುವರಿಯಿತು. ಇಲ್ಲದ ನೋವಿಗೆ ಇಷ್ಟುದ್ದ ಚೀಟಿಯೇ ಎಂದು ಗೋಪಾಲಪ್ಪ ಒಳಗೊಳಗೇ ನಕ್ಕ. ಒಂದು ಬಾಟಲಿ ಕೆಂಪು ಔಷಧಿ ಹಿಡಿದು ತನ್ನೂರು ಸಾಸಲಿಗೆ ಹಿಂತಿರುಗಿದ.

ಮಾರನೆಯ ಬೆಳಿಗ್ಗೆ ಹೆಲ್ತ್ ಇನ್‌ಸ್ಪೆಕ್ಟರು ಕಾಗದ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ನಿಮ್ಮನೇಲಿ ಸಿಡುಬಿನ ಅನುಮಾನ ಅಂತ ಡಾಕ್ಟರು ಬರೆದಿದ್ದಾರೆ. ಉಳಿದೋರಿಗೆ ಬರದ ಹಾಗೆ ಎಲ್ರೂ ದಾಕು ಚುಚ್ಚಿಸ್ಕೋಬೇಕು."

"ಹೊಟ್ಟೆನೋವು ಅಂತ ಹೋದೋನು ಸ್ವಾಮಿ ನಾನು!"

"ಅಮ್ಮ ಬಂದ ಮನೇಲಿ ತಾನೇ ಒಗ್ಗರಣೆ ನಿಲ್ಲಿಸಿ, ಬೇವು ಕಟ್ಟೋದು, ಇನ್ನೇನು ಗುಟ್ಟು? ಮಗನಿಗೆ ಅಮ್ಮ ಬಂದು ಎಷ್ಟು ದಿನ?"

"ಆರು," ಗೋಪಾಲಪ್ಪ ದನಿ ತಗ್ಗಿಸಿದ. "ಮೆಲ್ಲಗೆ ಮಾತಾಡಿ, ನಿಮ್ಮ ದಮ್ಮಯ್ಯ. ಗಂಡಿನ ಕಡೆಯೋರಿಗೆ ಗೊತ್ತಾದ್ರೆ ಸಂಬಂಧ ಮುರಿದ್ಹೋಗುತ್ತೆ."

ಇನ್‌ಸ್ಪೆಕ್ಟರು ಕೆಮ್ಮಿ ಪಕ್ಕಕ್ಕೆ ಸರಿದರು.

ಅವರ ಹಿಂದೆ, ಪ್ರತಿ ಮಂಗಳವಾರ ಆಸ್ಪತ್ರೆಯಲ್ಲಿ ತುಂಬಿಸಿಕೊಳ್ಳುವ ದಾಕಿನ ಪೆಟ್ಟಿಗೆಯನ್ನು ತೆರೆಯುತ್ತ ರಾಮಾಂಜಿನಪ್ಪ ಹೇಳಿದ: "ತೋಳು ಕೊಡಿ, ಮಾವ."